ಕರೆಯಬಾರದ ಹೆಸರು

ಕ್ಯಾಸ್ಪಿಯನ್ ಕಡಲಂಚಿನ ಆ ಸಂರಕ್ಷಿತ ಪ್ರದೇಶದ ಬಾಗಿಲಲ್ಲಿ ಒಂದು ಫಲಕವಿದೆ: 'ಸುಲಭದ ದಾರಿ. ನಾಲ್ಕು ಕಿಲೋಮೀಟರ್. ಮಕ್ಕಳೂ ವೃದ್ಧರೂ ನಡೆಯಬಹುದು.' ಇದನ್ನು ಬರೆದವನು ಕಡಲು ಕಂಡವನಲ್ಲ ಎಂದು ಊರಿನ ಮುದುಕರು ನಗುತ್ತಿದ್ದರು. ಹಲಗೆ ಹಾಸಿದ ಕಾಲುದಾರಿಯೇನೋ ಸುಲಭದ್ದೇ. ಒಂದು ಪಕ್ಕ ಜೊಂಡು, ಕೊಕ್ಕರೆ. ಇನ್ನೊಂದು ಪಕ್ಕ ಕಡಲು ವರ್ಷವರ್ಷವೂ ಹಿಂದೆ ಸರಿದು ಬಿಟ್ಟುಹೋದ ಕೆಸರುಬಯಲು. ಗಾಳಿ ತಿರುಗಿತೆಂದರೆ ಮಾತ್ರ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ವಾಪಸು ಬರುತ್ತದೆ. ಫಲಕದ ಮೇಲೆ ಆ ಮಾತಿರಲಿಲ್ಲ.

ಕಮ್ಶಾತ್ ದಿನಾ ಬೆಳಿಗ್ಗೆ ಮಾವನನ್ನು ಅಲ್ಲಿ ನಡೆಸಿಕೊಂಡು ಬರುತ್ತಿದ್ದಳು. ಗಂಡ ಎಣ್ಣೆಬಾವಿಯ ಕೆಲಸದವನು, ತಿಂಗಳಲ್ಲಿ ಹದಿನೈದು ದಿನ ಮನೆಯಲ್ಲಿಲ್ಲ. ಮಾವ ಈ ಬಯಲು ನೀರಾಗಿದ್ದ ಕಾಲದಲ್ಲಿ ಇಲ್ಲೇ ಬಲೆ ಬೀಸಿ ಬದುಕಿದವರು. ಈಗ ಅವರಿಗೆ ನೆನಪು ಕೆಟ್ಟಿತ್ತು. ಮಗನ ಗುರುತಿಲ್ಲ, ಸತ್ತ ಹೆಂಡತಿಯ ಗುರುತಿಲ್ಲ. ತಾನು ಎಂಟು ವರ್ಷದ ಹುಡುಗ ಎಂಬುದೊಂದೇ ಅವರಿಗೆ ಖಚಿತವಾಗಿ ಗೊತ್ತಿತ್ತು.

ಮದುವೆಯಾದ ಈ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಕಮ್ಶಾತ್ ಮಾವನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಅಲ್ಲಿ ಯಾವ ಸೊಸೆಯೂ ಆಡುವುದಿಲ್ಲ. ಅಂಚೆಯವನು ಬಂದು ಕೇಳಿದರೆ ಪಕ್ಕದ ಮನೆಯ ಹುಡುಗಿಯನ್ನು ಕರೆದು ಹೇಳಿಸುತ್ತಿದ್ದಳು. 'ನನ್ನ ಸೊಸೆ ನಾಲಿಗೆ ಕಾದವಳು' ಎಂದು ಅತ್ತೆ ಸಾಯುವ ಮುಂಚೆ ನಾಲ್ಕು ಜನರೆದುರು ಹೇಳಿದ್ದಳು. ಆ ಮನೆಯಲ್ಲಿ ಅವಳಿಗೆ ಸಿಕ್ಕ ಒಂದೇ ಒಂದು ಮೆಚ್ಚುಗೆ ಅದು, ಅದನ್ನವಳು ಜೋಪಾನ ಮಾಡಿಕೊಂಡಿದ್ದಳು.

ಆ ದಿನ ಎರಡನೇ ಬೆಂಚಿನ ಹತ್ತಿರ ಶೂ ಬಿಚ್ಚಿ ಮರಳು ಕೊಡವಲು ಕೂತಳು. ಅಷ್ಟರಲ್ಲೇ ಮಂಜು ಕವಿಯಿತು. ತಲೆಯೆತ್ತಿದರೆ ಹಲಗೆಯ ಮೇಲೆ ಮಾವ ಇಲ್ಲ. ಕೆಸರಿನಲ್ಲಿ ಹೆಜ್ಜೆಗಳು ಕಡಲ ಕಡೆಗೆ ಹೋಗಿದ್ದವು. ಅವಳು ನೋಡುತ್ತಿದ್ದಂತೆಯೇ ಒಂದೊಂದು ಹೆಜ್ಜೆಯಲ್ಲೂ ನೀರು ತುಂಬಿಕೊಂಡಿತು. ಗಾಳಿ ತಿರುಗಿತ್ತು.

'ಅತಾ! ಅತಾ!' ಎಂದು ಕೂಗಿದಳು. ಊರಲ್ಲಿ ಹಿರಿಯರನ್ನೆಲ್ಲ ಕರೆಯುವುದೇ ಹಾಗೆ. ಅಜ್ಜಾ ಎಂದು ಕೂಗಿದರೆ ಎಂಟು ವರ್ಷದ ಹುಡುಗ ಯಾಕೆ ತಿರುಗಿ ನೋಡಿಯಾನು?

ಕೂಗು ಕೇಳಿ ಕಾವಲುಗಾರ ಮೆಯ್ರಮ್ ಮೋಟಾರ್ ಸೈಕಲ್ಲಿನಲ್ಲಿ ಬಂದ. ದೋಣಿಗೆ ಫೋನು ಮಾಡಿದ. ಬರಲು ಒಂದು ಗಂಟೆ ಬೇಕೆಂದರು. ಧ್ವನಿವರ್ಧಕ ಕೈಗೆತ್ತಿಕೊಂಡು ಮುದುಕರ ಹೆಸರೇನೆಂದು ಕೇಳಿದ. ನಮ್ಮ ಮನೆಯ ಹಿರಿಯರು ಎಂದಳು. ಅದಲ್ಲ, ಹೆಸರು, ಎಂದ. ಗುರುತಿನ ಚೀಟಿ ಅವರ ಕೋಟಿನ ಜೇಬಿನಲ್ಲೇ ಇತ್ತು. ಕಮ್ಶಾತ್ ಬಗ್ಗಿ ಕೆಸರಿನ ಮೇಲೆ ಬೆರಳಿಂದ ಬರೆದಳು.

'ಓತೆಗೆನ್ ಅತಾ!' ಧ್ವನಿವರ್ಧಕ ಗುಡುಗಿತು. ಮಂಜಿನೊಳಗಿಂದ, ತೀರಾ ಹತ್ತಿರದಿಂದಲೇ, ಮುದಿ ಗಂಟಲಿನ ಅಳು ಕೇಳಿಸಿತು: 'ಬಲೆ ಹರಿದಿದ್ದು ನಾನಲ್ಲ!' ನೀರಿನಲ್ಲಿ ಓಡುವ ಸದ್ದು ದೂರದೂರವಾಯಿತು.

ಮೆಯ್ರಮ್ ಧ್ವನಿವರ್ಧಕ ಕೆಳಗಿಟ್ಟ. 'ಗಂಡಸಿನ ದನಿಗೆ ಹೆದರ್ತಿದಾರೆ ಅಕ್ಕಾ. ನೀವು ಕರೀರಿ. ಹೆಸರು ಹಿಡಿದು ಕರೀರಿ, ಅವರಮ್ಮ ಕರೆಯೋ ಹಾಗೆ.'

'ನಾನು ಸೊಸೆ ಕಣಪ್ಪಾ.'

'ನೀರು ಬರ್ತಾ ಇದೆ.'

ಬಾಯಿ ತೆರೆದಳು. ಬಂದದ್ದು 'ಅತಾ'. ಇನ್ನೊಮ್ಮೆ ತೆರೆದಳು, ಮತ್ತೆ ಅದೇ. ಅವಳು ಹಟ ಮಾಡಿದಳೆಂದು ಆಮೇಲೆ ಊರಲ್ಲಿ ಆಡಿಕೊಂಡವರಿದ್ದಾರೆ, ಅವರ ಬಾಯಿಗೆ ಮಣ್ಣು ಬೀಳಲಿ. ಇಪ್ಪತ್ತೊಂಬತ್ತು ವರ್ಷ ಕಟ್ಟಿಹಾಕಿದ ನಾಲಿಗೆ ಬೇಕೆಂದ ಗಳಿಗೆಗೆ ಬಿಚ್ಚಿಕೊಳ್ಳುತ್ತದೆಯೇ? ಮೆಯ್ರಮ್ ತಾನೇ ನೀರಿಗಿಳಿದ. ಹೋದವನು ಎದೆಮಟ್ಟ ನೆನೆದು ಬರಿಗೈಯಲ್ಲಿ ವಾಪಸು ಬಂದ. ಅವನ ಮುಖ ನೋಡಿದ ಮೇಲೆ ಅವಳಿಗೆ ದನಿ ಬಂತು.

'ಓತೆಗೆನ್! ಬಾ ಮಗಾ, ಮನೆಗೆ ಬಾ. ಊಟಕ್ಕೆ ಹೊತ್ತಾಯ್ತು.'

'ಬಂದೇ ಅಮ್ಮಾ.'

ದೂರವಿತ್ತು, ಆದರೆ ತಡವಿಲ್ಲದೆ ಬಂದ ಉತ್ತರ. ಮತ್ತೆ ಕರೆದಳು. 'ಬಂದೇ' ಎಂದಿತು, ಈಗ ಹತ್ತಿರದಿಂದ. ಆಮೇಲೆ ಗಂಟಲು ಒಡೆಯುವವರೆಗೂ ಕರೆದಳು, ಕಾಲು ಗಂಟೆ, ಅರ್ಧ ಗಂಟೆ. ಮೂರನೇ ಉತ್ತರ ಬರಲಿಲ್ಲ.

ಮಧ್ಯಾಹ್ನ ಮಂಜು ಸರಿದಾಗ ದೋಣಿಯವರಿಗೆ ದೇಹ ಸಿಕ್ಕಿತು. ಹಲಗೆ ದಾರಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ದಡದ ಕಡೆಗೆ ಮುಖ ಮಾಡಿ ಬಿದ್ದಿದ್ದರು. ಶೂ ಎರಡನ್ನೂ ಬಿಚ್ಚಿ ಎದೆಗವಚಿಕೊಂಡಿದ್ದರು, ಒದ್ದೆಯಾದರೆ ಅಮ್ಮ ಬಯ್ಯುತ್ತಾಳೆಂದು.

ಮರುದಿನ ಹೆಂಗಸರೆಲ್ಲ ಗೋಡೆಗೆ ಮುಖ ಮಾಡಿ ಕೂತು ಸತ್ತವರ ಹಾಡು ಹೇಳಿ ಅತ್ತರು. ಸೊಸೆಯ ಸರದಿ ಬಂತು. ಹಾಡಿನಲ್ಲಿ 'ನಮ್ಮ ಬೆಟ್ಟ' ಎನ್ನಬೇಕು, 'ಮನೆಯ ಕಂಬ' ಎನ್ನಬೇಕು, ಅದು ರೂಢಿ. ಕಮ್ಶಾತ್ ಮೊದಲ ಸಾಲಿನಲ್ಲೇ ಓತೆಗೆನ್ ಎಂದಳು. ಎರಡನೆಯ ಸಾಲಿನಲ್ಲೂ ಅದನ್ನೇ ಅಂದಳು. ಉಳಿದ ಹೆಂಗಸರ ಅಳು ಗಕ್ಕನೆ ನಿಂತಿತು.

ಗಂಡನ ದೊಡ್ಡಮ್ಮ ಅವಳ ತೊಡೆ ಚಿವುಟಿದಳು. 'ನಾಲಿಗೆ ಸೊಸೇ, ನಾಲಿಗೆ. ಜನ ಕೇಳ್ತಿದಾರೆ.'

'ಕೇಳಲಿ ದೊಡ್ಡತ್ತೆ. ಕರೆದ್ರೆ ಅವರು ಓಗೊಡ್ತಾರೆ. ನಾನು ಬೇಗ ಕರೀಬೇಕಿತ್ತು, ಅಷ್ಟೆ.'