ಹೊರಗಿನಿಂದ ಹಾಕಿದ ಚಿಲಕ

ಮನಃಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿದ ಮೇಲೂ ಇನ್ನೆರಡು ವರ್ಷ ತರಬೇತಿ ಬಾಕಿ ಇದೆ ಎಂದು ಪ್ರೇಮಾವತಿ ಹೇಳಿದಾಗ ಮಡಂತ್ಯಾರಿನ ಮನೆಯಲ್ಲಿ ಅಪ್ಪ ಮುಂಡಪ್ಪ ಶೆಟ್ಟರು ಅರ್ಧ ಊಟದಲ್ಲೇ ಎದ್ದಿದ್ದರು. ಡಾಕ್ಟರ್ ಅಂತ ಹೆಸರಿನ ಮುಂದೆ ಬಂದಮೇಲೆ ಮತ್ತೊಬ್ಬರ ಕೈಕೆಳಗೆ ಎಂತ ಕಲಿಯುವುದು ಎಂಬುದು ಅವರ ಪ್ರಶ್ನೆ. ಐದು ವರ್ಷದೊಳಗಿನ ಮಕ್ಕಳ ಮನಸ್ಸಿನ ನೋವು ಪುಸ್ತಕದಲ್ಲಿ ಸಿಗುವುದಿಲ್ಲ, ನೆಲದ ಮೇಲೆ ಅವರ ಜೊತೆ ಕೂತೇ ಕಲಿಯಬೇಕು, ತಿಳಿದವರೊಬ್ಬರು ಪಕ್ಕದಲ್ಲಿದ್ದು ತಿದ್ದಬೇಕು ಎಂದು ಅವಳು ವಿವರಿಸಿದಳು. ಶೆಟ್ಟರು ಒಪ್ಪಲಿಲ್ಲ, ತಡೆಯಲೂ ಇಲ್ಲ.

ತಿದ್ದಬೇಕಾದವರು ಬೆಂಗಳೂರಿನ ಸಂಸ್ಥೆಯೊಂದರ ಡಾ. ಕೃಷ್ಣಕುಮಾರ. ಸಣ್ಣ ಮಕ್ಕಳ ವಿಷಯದಲ್ಲಿ ದೊಡ್ಡ ಹೆಸರು. ತರಬೇತಿಯ ಎರಡನೆಯ ವರ್ಷ, ಎಂದರೆ ೧೯೮೪ರಲ್ಲಿ, ಅವರು ಅವಳನ್ನು ಮೂಡುಬಿದಿರೆಗೆ ಕಳಿಸಿದರು. ಅಲ್ಲಿನ ಒಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಶನಿವಾರಗಳಂದು ಅವಳು ಮಕ್ಕಳನ್ನು ನೋಡತೊಡಗಿದಳು.

ಕಕ್ಕಿಂಜೆಯ ಕಾಂತಿ ತನ್ನ ಮೂರು ವರ್ಷದ ಮಗಳು ಪ್ರಫುಲ್ಲಾಳನ್ನು ಎತ್ತಿಕೊಂಡು ಬಂದದ್ದು ಅಲ್ಲಿಗೇ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ವೇಣೂರಿನ ದಾರಿಯಲ್ಲಿ ಬಂದಿದ್ದಳು. ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದ. ಮಗುವಿಗೆ ಗಂಟಲಮಾರಿಯಾಗಿ ದೂರದ ಆಸ್ಪತ್ರೆಯೊಂದರ ಪ್ರತ್ಯೇಕ ವಾರ್ಡಿಗೆ ಸೇರಿಸಿದಾಗ, ತಾಯಿಯನ್ನು ಒಳಗೆ ಬಿಟ್ಟಿರಲಿಲ್ಲ. ವಾಸಿಯಾಗಿ ಬಂದ ಮಗು ಮಾತು ನಿಲ್ಲಿಸಿತ್ತು. ತಾಯಿ ಬಾವಿಕಟ್ಟೆಗೆ ಹೋದರೂ ಕಿರುಚಿ ನೀಲಿಯಾಗುತ್ತಿತ್ತು.

ಪ್ರೇಮಾವತಿ ಅವತ್ತು ತುಳುವಿನಲ್ಲಿ ಕಾಂತಿಗೆ ಒಂದೇ ಮಾತು ಕೊಟ್ಟಳು: ಈ ಕೋಣೆಯಲ್ಲಿ ಮಗುವಿನ ಕಣ್ಣಿಂದ ನೀನು ಮರೆಯಾಗುವುದಿಲ್ಲ.

ಆಮೇಲಿನದು ತಾಳ್ಮೆಯ ಕೆಲಸ. ಮಗು ತಾಯಿಯ ಸೆರಗಿನೊಳಗೆ ಮುಖ ಹುದುಗಿಸುತ್ತಿತ್ತು. ಪ್ರೇಮಾವತಿ ದೂರದಲ್ಲಿ ಕೂತು ರಬ್ಬರ್ ಚೆಂಡನ್ನು ಸುಮ್ಮನೆ ಉರುಳಿಸುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಚೆಂಡು ತಿರುಗಿ ಬರತೊಡಗಿತು. ಒಂದು ಶನಿವಾರ ಅವಳು ಚೆಂಡನ್ನು ಹಿಡಿದು ತಡೆದಾಗ ಮಗು "ಕೊರ್ಲ" ಎಂದಿತು. ಕೊಡು ಎಂಬ ಆ ಒಂದು ತುಳು ಮಾತಿಗೆ ಕಾಂತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಿದ್ದಳು.

ಡಿಸೆಂಬರಿನಲ್ಲಿ ಕೃಷ್ಣಕುಮಾರರು ಸಂಸ್ಥೆಗೆ ಬೇಕಾದ ನಾಲ್ಕೈದು ದೊಡ್ಡವರನ್ನು ಕರೆದುಕೊಂಡು ಬಂದರು. ತಾಯಿಯನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಮಗುವಿನಲ್ಲಿ ಏನಾಗುತ್ತದೆಂದು ಅವರಿಗೆ ತೋರಿಸುವ ಆಸೆ. ಈ ಮಗುವಿಗೆ ಅದು ಬೇಡ ಎಂದು ಪ್ರೇಮಾವತಿ ಬೆಳಿಗ್ಗೆಯೇ ಹೇಳಿದ್ದಳು. ಅವರು ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದುಕೊಂಡಿದ್ದಳು.

ವರಾಂಡದಲ್ಲಿ ಅವಳು ಬಂದವರಿಗೆ ಕುರ್ಚಿ ಹಾಕಿಸುತ್ತಿದ್ದಾಗ, ಔಷಧಿ ಚೀಟಿ ತೆಗೆದುಕೊಳ್ಳಬೇಕಂತೆ ಎಂದು ಅಟೆಂಡರ್ ಚನಿಯಪ್ಪ ಕಾಂತಿಯನ್ನು ಹೊರಗೆ ಕರೆದ. ಮಗು ಚೆಂಡಿನಲ್ಲಿ ಮುಳುಗಿತ್ತು. ಕಾಂತಿ ಹೊಸ್ತಿಲು ದಾಟಿದಳೋ ಇಲ್ಲವೋ, ಕೃಷ್ಣಕುಮಾರರೇ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದರು.

ಜಾಲರಿ ಪರದೆಯ ಕಿಟಕಿಯಿಂದ ಎಲ್ಲರೂ ನೋಡಿದರು. ಮಗು ತಿರುಗಿ ನೋಡಿತು. ಬಾಗಿಲಿಗೆ ಓಡಿ ಎರಡೂ ಕೈಯಿಂದ ಬಡಿಯಿತು. "ಅಪ್ಪೆ, ಅಪ್ಪೆ" ಎಂದು ತಾಯಿಯನ್ನು ಕರೆಯುವ ಕೂಗು ಆಸ್ಪತ್ರೆಯ ಅಂಗಳದವರೆಗೆ ಕೇಳಿತು. ಓಡಿಬಂದ ಕಾಂತಿಯನ್ನು ಚನಿಯಪ್ಪ ತಡೆದು ನಿಲ್ಲಿಸಿದ. ಪ್ರೇಮಾವತಿ "ಸಾಕು ಸರ್" ಎಂದಳು. ಕೃಷ್ಣಕುಮಾರರು ಬೆರಳೆತ್ತಿ ಸುಮ್ಮನಿರಲು ಹೇಳಿದರು. ಅವಳು ಮತ್ತೊಮ್ಮೆ "ಸರ್" ಎಂದಳು. ಆ "ಸರ್" ಎಂಬ ಮರ್ಯಾದೆಗಾಗಿ ಆಮೇಲೆ ಎಷ್ಟೋ ವರ್ಷ ಅವಳಿಗೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬರುತ್ತಿತ್ತು.

ಅಳು ತಟ್ಟನೆ ನಿಂತಿತು. ಮಗು ನೆಲದ ಮೇಲೆ ಕೂತು ಮುಂದಕ್ಕೂ ಹಿಂದಕ್ಕೂ ತೂಗತೊಡಗಿತು.

"ನೋಡಿ, ಈ ಮೌನ. ತಾಯಿ ದೂರವಾದ ಮಗುವಿಗೆ ಅಳುವಿನ ನಂತರ ಬರುವ ಎರಡನೆಯ ಹಂತ ಇದು," ಎಂದರು ಕೃಷ್ಣಕುಮಾರರು ಬಂದವರಿಗೆ. ದನಿಯಲ್ಲಿ ಸಂತೋಷವಿತ್ತು.

ಪ್ರೇಮಾವತಿಯ ಮೈ ಉರಿದುಹೋಯಿತು. ಅವರನ್ನು ಭುಜದಿಂದ ಆಚೆ ದಬ್ಬಿ ಚಿಲಕ ತೆಗೆದಳು. ಕಾಂತಿ ಒಳಗೆ ನುಗ್ಗಿ ಕೈಚಾಚಿದಳು. ಮಗು ತಾಯಿಯ ಕಡೆ ನೋಡಲಿಲ್ಲ. ಗೋಡೆಗೆ ಮುಖ ಮಾಡಿತು.

ಕಾಂತಿ ಅದನ್ನು ಹಾಗೆಯೇ ಎತ್ತಿಕೊಂಡಳು. ಪ್ರೇಮಾವತಿಯ ಎದುರು ನಿಂತು, ಎಲ್ಲರಿಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲಿ ಹೇಳಿದಳು: "ಮೊದಲಿನ ಆಸ್ಪತ್ರೆಯವರು ಮಾತು ಕೊಡದೆ ಬಾಗಿಲು ಹಾಕಿದ್ರು ಅಕ್ಕ. ನೀವು ಮಾತು ಕೊಟ್ಟು ಹಾಕಿದ್ರಿ."

ತಾಯಿ ಮಗು ಹೋದ ಮೇಲೆ ಕೃಷ್ಣಕುಮಾರರು ಅವಳನ್ನು ಪಕ್ಕಕ್ಕೆ ಕರೆದರು. ಬಂದವರ ಎದುರು ನನ್ನ ಮಾನ ತೆಗೆದೆ, ಅವರಲ್ಲಿ ಕ್ಷಮೆ ಕೇಳು, ಇಲ್ಲದಿದ್ದರೆ ನಿನ್ನ ತರಬೇತಿ ಇವತ್ತಿಗೇ ಮುಗಿಯಿತು ಎಂದರು.

"ಕ್ಷಮೆ ಕೇಳಬೇಕಾದದ್ದು ಕಾಂತಿಯ ಹತ್ತಿರ," ಎಂದಳು ಪ್ರೇಮಾವತಿ. "ಬನ್ನಿ, ಇಬ್ಬರೂ ಕಕ್ಕಿಂಜೆಗೆ ಹೋಗುವ."

ಅವರು ನಕ್ಕರು. ಆ ನಗುವಿಗೆ ಹೊಡೆಯಲು ಎತ್ತಿದ ಕೈಯನ್ನು ಅವಳು ಹೇಗೆ ಕೆಳಗಿಳಿಸಿದಳೋ ಅವಳಿಗೇ ಗೊತ್ತಿಲ್ಲ.

ಬೆಂಗಳೂರಿಗೆ ಹೋಗಿ ಸಂಸ್ಥೆಯ ಮುಖ್ಯಸ್ಥರಿಗೆ ನಡೆದದ್ದನ್ನೆಲ್ಲ ಹೇಳಿದಳು. ಹೊರದೇಶದಲ್ಲೂ ಇಂಥ ಪರೀಕ್ಷೆ ನಡೆಯುತ್ತದೆ ಎಂದರು ಅವರು. ಅಲ್ಲಿ ತಾಯಿಗೆ ತಿಳಿಸಿ ಮಾಡುತ್ತಾರೆ, ಮಗು ತಾಳದಿದ್ದರೆ ಕೂಡಲೇ ನಿಲ್ಲಿಸುತ್ತಾರೆ ಎಂದಳು ಇವಳು. ಅವರು ಗಡಿಯಾರ ನೋಡಿದರು. ಅಲ್ಲಿಗೆ ತರಬೇತಿ ನಿಂತಿತು.

ಊರಿಗೆ ಮರಳಿ ಕಕ್ಕಿಂಜೆಗೆ ಹೋದರೆ ಕಾಂತಿ ಒಳಗೆ ಕರೆಯಲಿಲ್ಲ. ಪ್ರೇಮಾವತಿ ಜಗಲಿಯಲ್ಲಿ ಕೂತು ಹಿಂತಿರುಗಿದಳು. ಮುಂದಿನ ಭಾನುವಾರ ಮತ್ತೆ ಹೋದಳು, ಅದರ ಮುಂದಿನದಕ್ಕೂ. ಕಾಂತಿ ತಲೆಯೆತ್ತದೆ ಬೀಡಿ ಕಟ್ಟುತ್ತಿದ್ದಳು. ಬೇಸಗೆ ಕಾಲಿಟ್ಟ ಮೇಲೆ ಒಂದು ದಿನ ತಾನಾಗಿ ಕೇಳಿದಳು.

"ಆ ಮನುಷ್ಯನಿಗೆ ಎಂತ ಆಯ್ತು?"

"ಎಂತದೂ ಇಲ್ಲ. ಇನ್ನೂ ದೊಡ್ಡ ಹುದ್ದೆ ಸಿಕ್ಕಿತಂತೆ."

ಕಾಂತಿ ಬೀಡಿಯ ಮೊರವನ್ನು ಬದಿಗಿಟ್ಟಳು. "ನಿಮ್ಮ ಮೇಲಿನ ಸಿಟ್ಟು ನನಗೆ ಹೋಗಲಿಲ್ಲ ಅಕ್ಕ. ಹೋಗುವುದೂ ಇಲ್ಲ. ಆದರೆ ಮಗುವಿಗೆ ಮಾತು ಬರಬೇಕಲ್ಲ. ಒಳಗೆ ಬನ್ನಿ. ನಾನು ಅಲ್ಲೇ ಕೂತಿರ್ತೇನೆ."

ಪ್ರಫುಲ್ಲಾ ಉಳಿದ ಮಕ್ಕಳಿಗಿಂತ ಒಂದು ವರ್ಷ ತಡವಾಗಿ ಒಂದನೆಯ ಕ್ಲಾಸಿಗೆ ಸೇರಿದಳು. ತನಗೆ ಬೇಕಾದವರ ಹತ್ತಿರ ಮಾತ್ರ ಮಾತಾಡುತ್ತಿದ್ದಳು. ಪ್ರೇಮಾವತಿ ಬಂಟ್ವಾಳದಲ್ಲಿ ಬಾಡಿಗೆಯ ಕೋಣೆ ಹಿಡಿದು, ಅರ್ಧಕ್ಕೆ ನಿಂತ ತರಬೇತಿಯಲ್ಲೇ ಮಕ್ಕಳನ್ನು ನೋಡತೊಡಗಿದಳು. ಯಾರಾದರೂ ಕೃಷ್ಣಕುಮಾರರ ಹೆಸರನ್ನು ಗೌರವದಿಂದ ಎತ್ತಿದರೆ, ಎಷ್ಟು ಜನರಿದ್ದರೂ ಸರಿ, ಡಿಸೆಂಬರಿನ ಆ ಶನಿವಾರ ನಡೆದದ್ದನ್ನು ಮೊದಲಿಂದ ಹೇಳುತ್ತಿದ್ದಳು. ಪ್ರತಿಸಲವೂ ಅವಳ ದನಿ ನಡುಗುತ್ತಿತ್ತು, ಮತ್ತು ಅವಳು ಅದನ್ನು ತಗ್ಗಿಸುತ್ತಿರಲಿಲ್ಲ.