ಹೆಸರಿಲ್ಲದ ದ್ವಾದಶಿ

ಕಿತ್ತೂರಿನ ಗುಂಡೋಪಂತನ ಫೋನು ಬಂದಾಗ ರಘೋತ್ತಮಾಚಾರ್ಯರು ಸವದತ್ತಿಯ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಅದು ಹೆಂಡತಿ ಶಾಂತಾಬಾಯಿ ಮಾಡುತ್ತಿದ್ದ ಕೆಲಸ. ಅವಳು ತೀರಿಕೊಂಡು ವರ್ಷ ತುಂಬಲು ಇನ್ನು ಹದಿನೈದು ದಿನ. ಅವರ ಕೈಯ ಬತ್ತಿ ಮಾತ್ರ ಇನ್ನೂ ಸೊಟ್ಟಗೇ ಬರುತ್ತಿತ್ತು.

"ಆಚಾರ್ಯರ, ನಮ್ಮಪ್ಪ ಯಾವಾಗ ಸತ್ತಾನ್ರಿ?"

"ಇದೆಂಥಾ ಪ್ರಶ್ನಿನೋ?"

"ಮೊನ್ನೆ ನಿಮ್ಮ ಕಡಿಂದ ಮೆಸೇಜ್ ಬಂತು, ನಾಳೆ ನಿಮ್ಮ ತಂದೆಯವರ ತಿಥಿ ಅಂತ. ತಿಥಿ ನೀವ ಹೇಳೂದು ರೂಢಿ ಅಂತ ಊರಾಗಿನ ಭಟ್ಟರನ್ನ ಕರಿಸಿ ಎಲ್ಲಾ ಮಾಡಿ ಮುಗಿಸಿದೆ. ಎಲಿ ತೆಗಿಯೂ ಹೊತ್ತಿಗೆ ನಮ್ಮ ಸೋದರತ್ತಿ ಅಂತಾಳ, 'ಎಲಾ ಮೂಳಾ, ನಿಮ್ಮಪ್ಪ ಹೋದಾಗ ಮನ್ಯಾಗ ಸೀಕರಣಿ ಮಾಡಿದ್ವಿ. ಕಾರ್ತಿಕದಾಗ ಮಾವಿನಹಣ್ಣು ಎಲ್ಲಿಂದ ಬಂತು?' ಅಂತ. ನಾ ಯಾರ ಅಪ್ಪಗ ಪಿಂಡಾ ಇಟ್ಟೆ, ಹೇಳ್ರಿ!"

ಆಚಾರ್ಯರ ಬಾಯಿ ಕಹಿಯಾಯಿತು. ಕಿತ್ತೂರಿನಿಂದ ರಾಮದುರ್ಗದವರೆಗೆ ಹರಡಿದ ಮನೆತನಗಳಿಗೆ ಅವರು ಪುರೋಹಿತರು. ಯಾರ ಮನೆಯ ಹಿರಿಯರು ಯಾವ ಮಾಸ, ಯಾವ ಪಕ್ಷ, ಯಾವ ತಿಥಿಗೆ ಹೋದರೆಂಬುದನ್ನು ನಾಲ್ವತ್ತು ವರ್ಷ ಒಂದು ಕೆಂಪು ವಹಿಯಲ್ಲಿ ಬರೆದಿಟ್ಟವಳು ಶಾಂತಾಬಾಯಿ. ಎಡಕ್ಕೆ ಹೆಸರು, ಬಲಕ್ಕೆ ತಿಥಿ. ಬೇಸಿಗೆಯಲ್ಲಿ ಆ ವಹಿಯನ್ನು ಅವರ ಅಣ್ಣನ ಮಗ ಕೌಶಿಕ ಒಯ್ದಿದ್ದ. ಬೈಲಹೊಂಗಲದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹಾಕುತ್ತೇನೆ, ತಿಥಿಯ ಹಿಂದಿನ ದಿನ ಮೆಸೇಜು ತಾನೇ ಹೋಗುತ್ತದೆ ಎಂದಿದ್ದ. ಮೆಸೇಜು ಶುರುವಾದದ್ದು ಈ ವಾರವಷ್ಟೇ.

ಅವನಿಗೆ ಫೋನು ಹಚ್ಚಿದರು. "ವಹಿ ಎಲ್ಲಿ?"

"ಅದಕ್ಕ ಹುಳಾ ಹತ್ತಿತ್ತು ಕಾಕಾ. ರದ್ದಿ ಪೇಪರ್ ಜೋಡಿ ಹೋತು. ಒಳಗಿಂದೆಲ್ಲಾ ಕಂಪ್ಯೂಟರಿನ್ಯಾಗ ಅದ ಅಲ್ಲ? ಒಂದೆರಡು ತಿಥಿ ಹಿಂದ ಮುಂದ ಆಗಿರಬೇಕು. ನಡೀತದ ಬಿಡ್ರಿ."

ರದ್ದಿ! ಆಚಾರ್ಯರ ಕಣ್ಣಿಗೆ ಕಟ್ಟಿದ್ದು ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಪೊಟ್ಟಣ. ಶಾಂತಾಬಾಯಿಯ ದುಂಡು ಅಕ್ಷರಗಳ ಮೇಲೆ ಕರಿದೆಣ್ಣೆ ಹರಡಿ, ಯಾರದೋ ತಾಯಿಯ ಹೆಸರಿನಿಂದ ಯಾವನೋ ಬೆರಳು ಒರೆಸಿಕೊಂಡು ಚರಂಡಿಗೆ ಎಸೆದಂತೆ. ಎದ್ದು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ಕಹಿ ಹೋಗಲಿಲ್ಲ.

ಸಂಜೆ ಮೊಮ್ಮಗಳು ವರದಾ ಕಾಲೇಜಿನಿಂದ ಬಂದಳು. ಮಗಳ ಮಗಳು, ಅವರ ಮನೆಯಲ್ಲೇ ಇದ್ದು ಕಂಪ್ಯೂಟರ್ ಓದುವವಳು. ಕೌಶಿಕನಿಂದ ಕಡತ ತರಿಸಿ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದಳು.

"ಇದರಾಗ ಎರಡು ಯಾದಿ ಅವ ಅಜ್ಜಾ. ಹೆಸರಿಂದೊಂದು, ತಿಥಿದೊಂದು. ಎರಡಕ್ಕೂ ಗಂಟು ಹಾಕಿಲ್ಲ. ಕೌಶಿಕಮಾಮಾ ಹೆಸರಷ್ಟ ತೊಗೊಂಡು ಅ ಆ ಇ ಈ ಪ್ರಕಾರ ಹೊಂದಿಸ್ಯಾನ. ಹೆಸರು ಜಾಗಾ ಬಿಟ್ಟು ಹೋದವು, ತಿಥಿ ಇದ್ದಲ್ಲೇ ನಿಂತವು."

"ಅಂದ್ರ ಪಂಕ್ತಿಯೊಳಗ ಉಣ್ಣಲಿಕ್ಕೆ ಹತ್ತಿದ ಮಂದಿನ್ನ ಎಬ್ಬಿಸಿ, ಒಬ್ಬರ ಎಂಜಲೆಲಿ ಮುಂದ ಇನ್ನೊಬ್ಬರನ್ನ ಕೂಡಿಸ್ಯಾನ," ಎಂದರು ಆಚಾರ್ಯರು. "ಥೂ! ಹೊಲಸ ಮುಂಡೇದು."

"ನಾ ಪೇರ್, ಅಂದ್ರ ಜೋಡಿ, ಅಂತ ಒಂದು ಟೆಂಪ್ಲೇಟ್ ಕ್ಲಾಸ್ ಬರೀತೇನಿ. ಟೆಂಪ್ಲೇಟ್ ಅಂದ್ರ ಅಚ್ಚು. ಅಜ್ಜಿ ಗೌರಿ ಹುಣ್ಣಿವಿಗೆ ಮರದ ಅಚ್ಚಿನ್ಯಾಗ ಪಾಕಾ ಹಾಕಿ ಸಕ್ಕರಿ ಆರತಿ ಗೊಂಬಿ ಮಾಡ್ತಿದ್ಲಲ್ಲ, ಅಂಥಾದ್ದು. ಇದರಾಗ ಎರಡು ಖಾನೆ. ಯಾವುದರಾಗ ಎಂಥಾ ಸಾಮಾನು ಇಡ್ತೇವಿ ಅಂತ ಮೊದಲ ಹೇಳಬೇಕು. ಹೆಸರು, ತಿಥಿ ಅಂದ್ರ ಅವೆರಡ ಅದರಾಗ ಕೂಡ್ತಾವ. ನಾಳೆ ಊರು, ಫೋನ್ ನಂಬರ್ ಇಡಬೇಕಂದ್ರ ಅದಕ್ಕೂ ಇದ ಅಚ್ಚು ಸಾಕು. ಆಮ್ಯಾಲ ಯಾದಿನ್ನ ಹೆಂಗ ಹೊಂದಿಸಿದ್ರೂ ಎರಡೂ ಕೂಡೇ ಹೋಗ್ತಾವ."

"ನಮ್ಮ ಹಿರಿಯರೇನು ಸಕ್ಕರಿ ಗೊಂಬಿ ಏನ?"

"ಮಾಮಾ ಅವರನ್ನ ಚುರಮರಿ ಮಾಡಿ ಚೆಲ್ಲ್ಯಾನ. ಅದಕಿಂತ ಗೊಂಬಿ ಪಾಡಲ್ಲೇನು?"

ಆಚಾರ್ಯರು ನಗಲಿಲ್ಲ. ಸಾವಿನ ವರ್ಷವೆಂದು ಈ ಸಲ ಮನೆಯಲ್ಲಿ ಆ ಮರದ ಅಚ್ಚುಗಳನ್ನು ಅಟ್ಟದಿಂದ ಇಳಿಸಿಯೂ ಇರಲಿಲ್ಲ.

"ಆದ್ರ ಒಂದು ತೊಡಕದ," ಎಂದಳು ವರದಾ. "ತಿಥಿ ಅಜ್ಜಿ ಬರೆದ ಸಾಲಿನ್ಯಾಗ ಅವ. ಹೆಸರು ಯಾವ ಸಾಲಿಗೆ ಇದ್ದವು ಅನ್ನೂದು ಮಷೀನಿಗೆ ಗೊತ್ತಿಲ್ಲ."

"ನನಗ ಗೊತ್ತದ. ಬರಕೋ."

ಪ್ರತಿ ಅಮಾವಾಸ್ಯೆಗೆ ಶಾಂತಾಬಾಯಿ ಮೊದಲ ಪುಟದಿಂದ ಕೊನೆಯವರೆಗೆ ವಹಿ ಓದುತ್ತಿದ್ದಳು, ಬರುವ ತಿಂಗಳಲ್ಲಿ ಯಾರ ಯಾರ ತಿಥಿ ಇವೆ ಎಂದು ಹುಡುಕಲು. ಆಗ ಇವರು, "ಎಷ್ಟು ಒದರತೀಯೇ" ಎಂದು ಬೇಸರಪಡುತ್ತಿದ್ದರು. ಆ ಬೇಸರದ ಕಿವಿಯಲ್ಲೇ ಎಲ್ಲವೂ ಉಳಿದಿತ್ತು. ಮೊದಲು ಸವದತ್ತಿಯ ಕೋಟೆ ಓಣಿ, ಆಮೇಲೆ ಉಗರಗೋಳ, ಹೂಲಿ, ಅಲ್ಲಿಂದ ರಾಮದುರ್ಗ, ಕೊನೆಗೆ ಕಿತ್ತೂರು. ಕಣ್ಣು ಮುಚ್ಚಿ ಒಂದೊಂದೇ ಹೆಸರು ಹೇಳುತ್ತ ಹೋದರು. ವರದಾ ಒಂದೊಂದಕ್ಕೂ ಅದರ ತಿಥಿ ಕಟ್ಟುತ್ತ ಹೋದಳು. ಹೂಲಿಯ ಅಣ್ಣತಮ್ಮಂದಿರ ಬಳಿ ಮಾತ್ರ ಅವರು ತಡವರಿಸಿದರು. ಯಾರ ಹೆಸರು ಮೊದಲು? ಅಲ್ಲಿ ಬಂದಾಗಲೆಲ್ಲ ಹೆಂಡತಿ ನಕ್ಕು ಹೇಳುತ್ತಿದ್ದ ಮಾತು ನೆನಪಾಯಿತು: "ಹೊಲದ ಬದುವಿಗೆ ಜಗಳಾಡಿದ್ರು, ಸಾಯೂದ್ರಾಗೂ ತಮ್ಮನೇ ಮುಂದ." ತಮ್ಮನದೇ ಮೊದಲು.

ಗುಂಡೋಪಂತನ ಅಪ್ಪನಿಗೆ ಜ್ಯೇಷ್ಠ ಶುದ್ಧ ಪಂಚಮಿ ಬಂತು. ಸೀಕರಣಿಯ ದಿನಗಳೇ. ಆಚಾರ್ಯರು ದೊಡ್ಡದಾಗಿ ಉಸಿರು ಬಿಟ್ಟರು.

ನೂರಾ ಎಂಬತ್ತಾರು ಹೆಸರು ಮುಗಿದವು. ವರದಾ ಕೈ ತಡೆದಳು.

"ಅಜ್ಜಾ, ತಿಥಿ ಒಂದು ಉಳೀತು. ಮಾರ್ಗಶಿರ ಶುದ್ಧ ದ್ವಾದಶಿ. ಇದಕ್ಕ ಹೆಸರಿಲ್ಲ."

ಆ ಸಾಲನ್ನು ಶಾಂತಾಬಾಯಿ ಬರೆದಿರಲಿಲ್ಲ. ಅವಳ ಹದಿಮೂರನೆಯ ದಿನ ಮುಗಿದ ಮೇಲೆ ಆಚಾರ್ಯರೇ ವಹಿ ತೆರೆದು, ಬಲಕ್ಕೆ ತಿಥಿ ಬರೆದು, ಎಡಕ್ಕೆ ಅವಳ ಅಕ್ಷರಗಳ ಕೆಳಗೆ ಅವಳದೇ ಹೆಸರು ಬರೆಯಲಾರದೆ ಮುಚ್ಚಿಟ್ಟಿದ್ದರು. ನಾಳೆ ಬರೆದರಾಯಿತು ಎಂದುಕೊಂಡು ವಹಿಯನ್ನೇ ಕೊಟ್ಟು ಕಳಿಸಿದ್ದರು.

ವರದಾ ಮೆಲ್ಲಗೆ ಹೇಳಿದಳು, "ಖಾಲಿ ಬಿಟ್ರೂ ನಡೀತದ ಅಜ್ಜಾ. ಹೆಸರಿನ ಖಾನೆ ಖಾಲಿ ಇದ್ರೂ ಮಷೀನು ಏನೂ ಅನ್ನೂದಿಲ್ಲ."

ನಡೀತದ. ಬೆಳಿಗ್ಗೆ ಕೌಶಿಕ ಅಂದದ್ದೂ ಅದೇ ಮಾತು. ದಿನವಿಡೀ ಅವನನ್ನು ಉಗಿದ ಬಾಯಿಯಲ್ಲಿ ಈಗ ತಮ್ಮದೇ ರುಚಿ ಬಂದಂತಾಗಿ ಆಚಾರ್ಯರಿಗೆ ಅಸಹ್ಯವಾಯಿತು. ಅವನಾದರೂ ಪರರ ಹಿರಿಯರನ್ನು ಕೆಡಿಸಿದ. ತಾವು ಮನೆಯವಳನ್ನೇ ಅರ್ಧ ಬರೆದು ಬಿಟ್ಟಿದ್ದರು.

"ಇತ್ತ ಕೊಡು ಅದನ್ನ."

ಒಂದೇ ಬೆರಳಿನಿಂದ, ವರದಾ ತೋರಿಸಿದ ಕೀಲಿ ಹುಡುಕಿ ಹುಡುಕಿ ಒತ್ತಿದರು. ಶಾಂತಾಬಾಯಿ. ಎರಡು ಸಲ ತಪ್ಪಿತು. ಅಳಿಸಿ ಮತ್ತೆ ಬರೆದರು.

ವರದಾ ಯಾದಿಯನ್ನು ಅಕಾರಾದಿಯಾಗಿ ಹೊಂದಿಸಿದಳು. ಕೊನೆಯಲ್ಲಿದ್ದ ಹೆಸರು ಮೇಲೇರಿ ರಾಮದುರ್ಗದ ಒಬ್ಬ ಶಾಮರಾಯನ ಮೇಲಿನ ಸಾಲಿಗೆ ಹೋಗಿ ನಿಂತಿತು. ಆಚಾರ್ಯರು ಕನ್ನಡಕ ಸರಿಪಡಿಸಿಕೊಂಡು ಅದರ ಬಲಕ್ಕೆ ನೋಡಿದರು. ದ್ವಾದಶಿ ಜೊತೆಗೇ ಹೋಗಿತ್ತು.

"ಛಾಪಿಸು," ಎಂದರು. "ನಾಳೆ ಒಂದು ಕೆಂಪು ವಹಿನೂ ತೊಗೊಂಡು ಬಾ. ಆ ಕೌಶಿಕ ಕೇಳಿದ್ರ, ಮನಿಯೊಳಗ ವಹಿನ ಇಲ್ಲ ಅಂತ ಹೇಳು."