ನಾಲ್ಕು ಬೆರಳಗಲದ ಪರದೆ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತಡವಾದರೆ ಬೇರೆಯವರ ತಲೆಗೆ ಕಟ್ಟಿಬಿಡುವ ಪೈಕಿ ನಾನು.

ನನ್ನ ಹೆಂಡತಿ ಹನ್ನೆರಡು ವರ್ಷದಿಂದ ನರ್ಸಿಂಗ್ ಹೋಮಿನಲ್ಲಿ ಆಯಾ. ಸಂಜೆ ತರಗತಿಗೆ ಹೋಗಿ ನರ್ಸಿಂಗ್ ಓದು ಮುಗಿಸಿದ್ದಳು. ಉಳಿದದ್ದು ಒಂದೇ ಒಂದು ಪರೀಕ್ಷೆ. ಅದಕ್ಕೆ ಮೂರೇ ಅವಕಾಶ, ಎರಡು ಕೂದಲೆಳೆಯಲ್ಲಿ ಕೈತಪ್ಪಿದ್ದವು. ಮೂರನೆಯದು ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಮನೆಯಲ್ಲೇ, ಲ್ಯಾಪ್‌ಟಾಪಿನ ಮುಂದೆ. ಇದೂ ಹೋದರೆ ಜೀವನಪೂರ್ತಿ ಆಯಾನೇ.

ಶನಿವಾರ ಸಂಜೆ ಊಟಕ್ಕೆ ಮೂರು ಸಲ ಕರೆದೆ. ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹೋದವನೇ ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿದೆ. ಒಳಗೆ ಅವಳ ಪೆನ್ಸಿಲ್ ಇತ್ತು. ತೆರೆದಾಗ ಪರದೆ ಪೂರಾ ಕಪ್ಪು, ನಡುವೆ ಅಡ್ಡಲಾಗಿ ನಾಲ್ಕು ಬೆರಳಗಲದ ಪಟ್ಟಿ ಮಾತ್ರ ಬೆಳಗುತ್ತಿತ್ತು. ಅವಳು ಬೈಯಲಿಲ್ಲ, "ಬಿಡಿ, ನಾನು ಚೆನ್ನಾಗೇ ಇದೀನಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಬೇರೆ ಲ್ಯಾಪ್‌ಟಾಪ್ ತರುವ ಹಾಗಿರಲಿಲ್ಲ. ಹೆಸರು ನೋಂದಾಯಿಸಿದ ದಿನವೇ ಪರೀಕ್ಷೆಯ ತಂತ್ರಾಂಶ ಈ ಯಂತ್ರದ ಗುರುತು ಸಂಖ್ಯೆಯನ್ನು ಓದಿಟ್ಟುಕೊಂಡಿತ್ತು, ಇನ್ನೊಂದನ್ನು ಒಪ್ಪುತ್ತಿರಲಿಲ್ಲ. ಸರಿ, ನಾನು ಕೆಟ್ಟ ಮೋಟಾರುಗಳಿಗೆ ತಂತಿ ಸುತ್ತುವವನು, ಇದೇನು ಮಹಾ ಎಂದುಕೊಂಡು ಟೀವಿಗೆ ಜೋಡಿಸಿಕೊಟ್ಟೆ. ಗೋಡೆ ತುಂಬ ಅಕ್ಷರ. "ಕನ್ನಡಕಾನೇ ಬೇಡ ನೋಡು ನಿಂಗೆ" ಎಂದು ಬೀಗಿದೆ.

ಭಾನುವಾರ ಒಂಬತ್ತಕ್ಕೆ ತಂತ್ರಾಂಶ ತಪಾಸಣೆಗೆ ಇಳಿಯಿತು. ಯಂತ್ರದ ಗುರುತು, ಸರಿ. ಮೆಮೊರಿ, ಸರಿ. ಆಪರೇಟಿಂಗ್ ಸಿಸ್ಟಮ್ ಯಾವುದು, ಎಷ್ಟನೆಯದು, ಅದೂ ಸರಿ. ಕ್ಯಾಮೆರಾ ಸರಿ. ಕೊನೆಯಲ್ಲಿ ಕೆಂಪು ಅಕ್ಷರ: ಎರಡು ಪರದೆಗಳಿವೆ, ಒಂದನ್ನು ತೆಗೆಯಿರಿ.

ಸೆಟ್ಟಿಂಗಿಗೆ ಹೋಗಿ ಒಡೆದ ಪರದೆಯನ್ನು ಆಫ್ ಮಾಡಿದೆ. ಆದರೂ ಎರಡು ಎಂದೇ ಎಣಿಸಿತು. ಸಹಾಯವಾಣಿಗೆ ಫೋನು ಹಚ್ಚಿದೆ.

"ಸರ್, ಟೀವಿ ತೆಗೆದುಬಿಡಿ" ಎಂದಳು ಆ ಹುಡುಗಿ.

"ತೆಗೆದ್ರೆ ಏನೂ ಕಾಣಲ್ಲಮ್ಮ. ಲ್ಯಾಪ್‌ಟಾಪ್ ಪರದೆ ಒಡೆದುಹೋಗಿದೆ."

"ಇಲ್ಲಿ ಸರಿಯಾಗಿದೆ ಅಂತಾನೇ ತೋರಿಸ್ತಿದೆ ಸರ್. ಪರದೆಯ ಪೂರ್ತಿ ಅಳತೆ ಬರ್ತಿದೆ."

"ಒಡೆದಿದ್ದು ನಾನು! ನಂಗೊತ್ತಿಲ್ವಾ?"

"ಯಂತ್ರ ಏನು ಹೇಳುತ್ತೋ ಅದನ್ನೇ ನಾವು ನೋಡೋದು ಸರ್. ಪರೀಕ್ಷೆ ದಿನಾಂಕ ಬದಲಾಯಿಸೋಕೆ ಆಗಲ್ಲ." ಪಾಪ, ಅವಳಾದರೂ ಏನು ಮಾಡಿಯಾಳು.

ಒಂಬತ್ತೂ ಇಪ್ಪತ್ತು. ಸ್ಕ್ರೂಡ್ರೈವರ್ ಹಿಡಿದೆ. ಮುಚ್ಚಳ ಬಿಚ್ಚಿ ಒಡೆದ ಪರದೆಯ ತಂತಿಯನ್ನೇ ಕಿತ್ತರೆ ಎಣಿಸಲು ಏನಿರುತ್ತದೆ? ಕಿತ್ತೆ. ಮತ್ತೆ ತಪಾಸಣೆ. ಪರದೆ ಒಂದು, ಸರಿ! ನಾನು ಕುಣಿದೇಬಿಡುತ್ತಿದ್ದೆ, ಅಷ್ಟರಲ್ಲಿ ಇನ್ನೊಂದು ಕೆಂಪು: ಕ್ಯಾಮೆರಾ ಇಲ್ಲ. ಅದರ ತಂತಿಯೂ ನಾನು ಕಿತ್ತ ತಂತಿಯೊಳಗೇ ಸೇರಿಕೊಂಡಿತ್ತು. ಬಾಣಲೆಯಿಂದ ಬೆಂಕಿಗೆ ಬಿದ್ದಹಾಗಾಯಿತು.

ನಾನು ನೆಲದ ಮೇಲೆ ಕುಸಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ. "ನಿನ್ನ ಬಾಳು ನಾನೇ ಹಾಳು ಮಾಡ್ದೆ ಕಣೇ."

"ಆಮೇಲೆ ಅಳೋರಂತೆ. ಮೊದಲು ಅದನ್ನ ಇದ್ದ ಹಾಗೇ ಜೋಡಿಸಿ" ಎಂದಳು.

"ಜೋಡಿಸಿದ್ರೆ ಮತ್ತೆ ಎರಡು ಪರದೆ ಅನ್ನುತ್ತಲ್ಲೇ."

"ಟೀವಿ ತೆಗೆದುಬಿಡಿ. ಆ ಪಟ್ಟಿ ಇದೆಯಲ್ಲ, ಅದರಲ್ಲೇ ಓದ್ತೀನಿ. ಬಾಣದ ಗುರುತಿನ ಕೀ ಒತ್ತಿದ್ರೆ ಸಾಲು ಮೇಲೆ ಬರುತ್ತೆ."

"ಮೂರು ಗಂಟೆ? ನಾಲ್ಕು ಬೆರಳಲ್ಲಿ?"

"ರೀ, ನಮ್ಮ ವಾರ್ಡಿನ ಬಾಗಿಲಲ್ಲಿ ಇಷ್ಟೇ ಅಗಲದ ಗಾಜು ಇರೋದು. ಹನ್ನೆರಡು ವರ್ಷದಿಂದ ಅದರಲ್ಲೇ ಇಣುಕಿ, ಯಾರು ಮಲಗಿದಾರೆ, ಯಾರು ಸುಮ್ನೆ ನಟಿಸ್ತಿದಾರೆ ಅಂತ ಹೇಳ್ತಿದೀನಿ. ಏಳಿ."

ಎದ್ದೆ. ಜೋಡಿಸಿದೆ. ಟೀವಿ ತಂತಿಯನ್ನು ಹೊರಗೆಳೆದೆ. ಹತ್ತಕ್ಕೆ ಆರು ನಿಮಿಷ. ಕಪ್ಪು ಪರದೆಯ ನಡುವಿನ ಪಟ್ಟಿಯಲ್ಲಿ ಹಸಿರು ಅಕ್ಷರ ಬಂತು: ನಿಮ್ಮ ಕಂಪ್ಯೂಟರ್ ಪರೀಕ್ಷೆಗೆ ಯೋಗ್ಯವಾಗಿದೆ. ಮುಕ್ಕಾಲು ಪಾಲು ಸತ್ತ ಯಂತ್ರ, ಕೇಳಿದವರಿಗೆಲ್ಲ ಚೆನ್ನಾಗಿದ್ದೇನೆ ಎನ್ನುತ್ತಿತ್ತು. ನಿನ್ನೆಯಿಂದ ನನ್ನ ಹೆಂಡತಿಯೂ ನನಗೆ ಅದನ್ನೇ ಹೇಳುತ್ತಿದ್ದಳು, ನಾನೂ ನಂಬಿಕೊಂಡಿದ್ದೆ.

"ಈಗ ಹೊರಗೆ ಹೋಗಿ. ಕ್ಯಾಮೆರಾದಲ್ಲಿ ನಿಮ್ಮ ಮುಖ ಕಂಡ್ರೂ ರದ್ದು, ದನಿ ಕೇಳಿದ್ರೂ ರದ್ದು."

ಆರಂಭಿಸುವ ಗುಂಡಿ ಕಪ್ಪಿನೊಳಗೆಲ್ಲೋ ಇತ್ತು. ಟೀವಿಯಲ್ಲಿ ನೋಡಿಟ್ಟುಕೊಂಡಿದ್ದ ಲೆಕ್ಕದಲ್ಲಿ ಕೀಲಿಗಳನ್ನು ಒತ್ತತೊಡಗಿದಳು. ನಾನು ಬಾಗಿಲು ಎಳೆದುಕೊಂಡು ಹೊರಗೆ ನಿಂತೆ.

ಟಕ್. ಟಕ್. ಟಕ್. ಒಂದೊಂದು ಸಾಲಿಗೆ ಒಂದೊಂದು. ಒಂದು ಪ್ರಶ್ನೆಗೆ ಎಷ್ಟು ಸಾಲು, ಉತ್ತರದ ಆಯ್ಕೆಗಳಿಗೆ ಎಷ್ಟು, ಮತ್ತೆ ಹಿಂದಕ್ಕೆ ಹೋಗಲು ಎಷ್ಟು ಎಂದು ಎಣಿಸುತ್ತ ನಿಂತವನಿಗೆ ಹನ್ನೊಂದು ಹೊಡೆದದ್ದೇ ತಿಳಿಯಲಿಲ್ಲ.

ಹನ್ನೊಂದೂಕಾಲಿಗೆ ಸದ್ದು ನಿಂತಿತು.

ಒಂದು ನಿಮಿಷ ಕಾದೆ. ಎರಡಾಯಿತು. ಪಟ್ಟಿಯೂ ಹೋಯಿತೇ? ಅವಳೇ ಕೈಚೆಲ್ಲಿದಳೇ? ಬಾಗಿಲು ಬಡಿಯಲು ಕೈ ತಾನಾಗಿ ಮೇಲೆದ್ದಿತು. ಶನಿವಾರ ಎದ್ದದ್ದೂ ಇದೇ ಕೈ. ಅದನ್ನು ಎಡಗೈಯಿಂದ ಹಿಡಿದುಕೊಂಡು, ಹಲ್ಲು ಕಚ್ಚಿ, ಬಾಗಿಲಿಗೆ ಹಣೆ ಆನಿಸಿ ನಿಂತೆ.

ಒಳಗೆ ಟಕ್ ಎಂದಿತು. ಕೈಯನ್ನು ಮಾತ್ರ ಮಧ್ಯಾಹ್ನ ಒಂದಕ್ಕೆ ಪರೀಕ್ಷೆ ಮುಗಿಯುವವರೆಗೂ ಬಿಡಲಿಲ್ಲ.